ಹೊಲದಾಚೆ ಕೇಳಬೇಕಿದ್ದ ಮಾತು

ಮೊನ್ನೆ ಬೆಳಗ್ಗೆ ಹಡಗಲಿಯ ಬಾಡಿಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ನಾನು ಮೊದಲು ಕೆಲಸ ಮಾಡಿದ ಊರಿನ ನೀರಗಂಟಿ. ವಾಲೀಕಾರ ಕಾಕಾ ಹೋದರು, ಮಧ್ಯಾಹ್ನ ಮಣ್ಣು ಅಂದ. ಒಗ್ಗರಣೆ ಸೀದು ಹೋಯಿತು. ರಜೆಯ ಅರ್ಜಿಯನ್ನೂ ಬರೆಯದೆ ಕೊಟ್ಟೂರು ಬಸ್ಸು ಹತ್ತಿದೆ. ಅಲ್ಲಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ಕಾನಹೊಸಹಳ್ಳಿ, ಅಲ್ಲಿಂದ ಆಟೋ. ನಾನು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದು ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಅವರ ವಿಷಯದಲ್ಲಿ ಹೊತ್ತಿಗೆ ಸರಿಯಾಗಿ ಹೋಗುವ ಪುಣ್ಯ ನನಗೆ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಉಸಿರಿರುವ ತನಕ ಆ ಹೆಸರನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ಅವರೂ ಅಷ್ಟೆ, ಆಕೆಯ ಹೆಸರು ಎತ್ತಿದವರಲ್ಲ. ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಬಾರದೆಂಬ ಹಳೇ ಪದ್ಧತಿಯನ್ನು ಈಗಿನವರು ಎಂದೋ ಗಾಳಿಗೆ ತೂರಿದ್ದಾರೆ. ಇವರಿಬ್ಬರು ಮಾತ್ರ ಜೊತೆಗಿದ್ದಷ್ಟು ದಿನ ಹಿಡಿದುಕೊಂಡಿದ್ದರು. ಅವರು ಅಷ್ಟು ಜೋಪಾನ ಮಾಡಿದ್ದನ್ನು ನಾನು ಗೀಚಿ ಹಾಳು ಮಾಡುವುದು ಬೇಡ. ಊರಿಗೆ ಅವರು ವಾಲೀಕಾರ, ಸರ್ಕಾರದ ಕಾಗದದಲ್ಲಿ ಗ್ರಾಮ ಸಹಾಯಕ, ನನಗೆ ಕಾಕಾ.

ತೆಲಿಗಿಯಿಂದ ಗ್ರಾಮ ಲೆಕ್ಕಾಧಿಕಾರಿಯಾಗಿ ಆ ಊರಿಗೆ ಹೋದಾಗ ನನಗೆ ಇಪ್ಪತ್ತಾರು ವರ್ಷ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೊದಲ ದಿನ ಸ್ಕೂಟಿಯಿಂದ ಇಳಿಯುತ್ತಿದ್ದ ಹಾಗೆ ತಡವಾಗಿ ಬಂದಿರಿ ಎಂದು ಅವರನ್ನೇ ಗದರಿದ್ದೆ. ಪಾಪ, ಅವರು ಬೆಳಗ್ಗೆ ಏಳರಿಂದ ಕಚೇರಿ ಬಾಗಿಲಲ್ಲಿ ಕೂತಿದ್ದು, ನನಗೆ ಚಹಾ ತರಲು ಎದ್ದು ಹೋಗಿದ್ದರು. ಅದನ್ನು ಅವರು ಹೇಳಲಿಲ್ಲ, ಚಹಾದಂಗಡಿಯವನು ಹೇಳಿದ. ಆಮೇಲೆ ಕ್ಷಮೆ ಕೇಳೋಣವೆಂದು ಹೇಗಿದ್ದೀರಿ ಕಾಕಾ ಅಂತ ಮೆತ್ತಗೆ ಕೇಳಿದರೆ, "ಹುಲುಸಾಗದೀನ್ರಿ" ಅಂದರು. ಬೆಳೆಗೆ ಹೇಳುವ ಮಾತನ್ನು ಮನುಷ್ಯ ತನಗೆ ಹೇಳಿಕೊಂಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜ್ವರ ಬಂದು ನಡುಗುತ್ತಿದ್ದರೂ ಅದೇ ಉತ್ತರ, ಮಗಳ ಮನೆಯ ದುಃಖದ ಸುದ್ದಿ ಬಂದ ದಿನವೂ ಅದೇ ಉತ್ತರ.

ಸಣಕಲು ಆಳು. ಕಿವಿಯ ಮೇಲೆ ಮೋಟು ಪೆನ್ಸಿಲ್, ಕಂಕುಳಲ್ಲಿ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಟ್ಟಿಗಳು. ಯಾರ ಹೊಲದ ಗಡಿಯ ಬಾಂದುಗಲ್ಲು ಯಾವ ಜಾಲಿಯ ಬುಡದಲ್ಲಿದೆ ಎಂದು ನಕ್ಷೆ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದರು. ನನ್ನ ಮೊಬೈಲಿನ ಆ್ಯಪು ನಾವು ಇನ್ನಾರದೋ ಹೊಲದಲ್ಲಿ ನಿಂತಿದ್ದೇವೆ ಎಂದು ತೋರಿಸಿದರೆ, ಅದಕ್ಕೆ ಬೇಜಾರಾಗದ ಹಾಗೆ, "ಮ್ಯಾಲಿಂದ ನೋಡಿದ್ರ ಹಂಗ ಕಾಣ್ತೈತೇನೋ ಬಿಡ್ರಿ" ಅನ್ನುತ್ತಿದ್ದರು. ಸಮೀಕ್ಷೆಯ ದಿನ ಯಾವ ರೈತನ ಮನೆಯಲ್ಲೂ ನೀರು ಕೂಡ ಕುಡಿಯುತ್ತಿರಲಿಲ್ಲ. ನನ್ನನ್ನೂ ಕುಡಿಯಗೊಡುತ್ತಿರಲಿಲ್ಲ. ಬಿಸಿಲಿಗೆ ಗಂಟಲು ಒಣಗಿ ನಾನು ಬೈದುಕೊಂಡರೆ ತಮ್ಮ ಬಾಟಲಿ ಮುಂದೆ ಹಿಡಿಯುತ್ತಿದ್ದರು.

ಬೆಳೆ ಹಾನಿಯ ಪರಿಹಾರ ಹೇಗೆ ಬರುತ್ತದೆಂದು ಪಟ್ಟಣದವರಿಗೆ ಒಂದು ಮಾತು ಹೇಳಬೇಕು. ಮಳೆಗೋ ಆಲಿಕಲ್ಲಿಗೋ ಬೆಳೆ ಹೋದರೆ ನನ್ನಂಥವಳೊಬ್ಬಳು ಹೊಲಕ್ಕೆ ಹೋಗಬೇಕು, ರೈತನನ್ನು ಕೇಳಬೇಕು, ಫೋಟೋ ಹಿಡಿಯಬೇಕು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿದೆ ಎಂದು ಬರೆದರೆ ಆ ಹೆಸರು ಪಟ್ಟಿಗೆ ಏರುತ್ತದೆ, ದುಡ್ಡು ಖಾತೆಗೆ ಬರುತ್ತದೆ. ಇಲ್ಲವೆಂದು ಬರೆದರೆ ಮುಗಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು.

ನನ್ನ ಮೊದಲ ಸಮೀಕ್ಷೆ ಸೀಗಿ ಹುಣ್ಣಿಮೆಯ ಹಿಂದುಮುಂದು. ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದು ಹನ್ನೊಂದು ದಿನ ಬಿಟ್ಟಿರಲಿಲ್ಲ. ಮೊದಲ ಹೊಲದಲ್ಲಿ ಒಬ್ಬ ಅಜ್ಜ ನಿಂತಿದ್ದ. ಬೆಳೆ ಹೇಗಿದೆ ಅಜ್ಜಾ ಅಂತ ಕೇಳಿದೆ. ಹುಲುಸಾಗೈತಿ ಯವ್ವಾ ಅಂದ. ಬಳ್ಳಿ ಹಸಿರಾಗೇ ಕಾಣುತ್ತಿತ್ತು. ಸರಿ, ಹಾನಿ ಇಲ್ಲ ಎಂದು ಬರೆದು ಮುಂದಿನ ಹೊಲಕ್ಕೆ ಹೊರಟೆ. ಕಾಕಾ ಕೆಮ್ಮಿದರು. ಅಜ್ಜನ ಕೈ ಹಿಡಿದು ಬದು ದಾಟಿಸಿ ಬಂಡಿದಾರಿಗೆ ಕರೆತಂದರು. ಬದುವಿನ ಮೇಲೆ ಬಿಟ್ಟಿದ್ದ ಅವನ ಚಪ್ಪಲಿಯನ್ನು ತಾವೇ ತಂದು ಕಾಲ ಮುಂದೆ ಇಟ್ಟರು. ಅಜ್ಜ ಮೆಟ್ಟಿಕೊಂಡ. ಆಗ, "ಈಗ ಕೇಳ್ರಿ" ಅಂದರು.

ನಾನು ಅದನ್ನೇ ಮತ್ತೆ ಕೇಳಿದೆ. "ಮ್ಯಾಲೆ ನೋಡಬ್ಯಾಡ ಯವ್ವಾ, ಮಣ್ಣಾಗ ಒಂದೂ ಉಳಿದಿಲ್ಲ" ಅಂದವನೇ ಟವೆಲಿನಿಂದ ಮುಖ ಮುಚ್ಚಿಕೊಂಡ. ಹೋಗಿ ಒಂದು ಗಿಡ ಕಿತ್ತು ನೋಡಿದರೆ ಕಾಯೆಲ್ಲ ಮಣ್ಣೊಳಗೇ ಮೊಳಕೆ ಒಡೆದು ಕಪ್ಪಾಗಿ ಕೂತಿದ್ದವು.

ನನಗೆ ಕಾಕಾನ ಮೇಲೆ ಸಿಟ್ಟು ಬಂತು. ಇದನ್ನು ಮೊದಲೇ ಹೇಳಬಾರದಿತ್ತೇ, ಸರ್ಕಾರಿ ಕಾಗದ ಹೊಡೆದು ಬರೆಯುವ ಹಾಗಾಯಿತಲ್ಲ ಎಂದು ರೇಗಿದೆ. ಅವರು ನೆಲ ನೋಡುತ್ತ, ನನಗೆ ಬುದ್ಧಿ ಹೇಳುವ ದನಿಯಲ್ಲಲ್ಲ, ತಮಗೇ ಹೇಳಿಕೊಳ್ಳುವ ಹಾಗೆ ಅಂದರು: "ಬೆಳಿ ನಿಂತ ಹೊಲ ಬಸುರಿ ಇದ್ದಂಗ್ರಿ. ಬಸುರಿ ಮುಂದ ನಿಂತು ಕೂಸು ಉಳಿಯಾಂಗಿಲ್ಲ ಅಂತ ಯಾರರ ಅಂತಾರೇನ್ರಿ? ಹೊರಗ ಕರೀರಿ, ಚಪ್ಪಲಿ ಮೆಟ್ಟಲಿ, ಆಮ್ಯಾಲೆ ಕೇಳ್ರಿ."

ಅವತ್ತಿನಿಂದ ನಮ್ಮ ಕೆಲಸದ ರೀತಿಯೇ ಅದಾಯಿತು. ಹೊಲದಲ್ಲಿ ನಿಂತವರನ್ನು ಕಾಕಾ ಕರೆದುಕೊಂಡು ಬರುವುದು, ಚಪ್ಪಲಿ ಹಾಕಿಕೊಳ್ಳುವ ತನಕ ನಾನು ಬಾಯಿ ಬಿಗಿದುಕೊಂಡು ಕಾಯುವುದು, ಆಮೇಲೆ ಕೇಳುವುದು. ಹೊತ್ತು ಹಿಡಿಯುತ್ತಿತ್ತು. ಬೇರೆ ಊರಿನ ಲೆಕ್ಕಿಗರು ದಿನಕ್ಕೆ ನೂರು ಹೊಲ ಮುಗಿಸಿದರೆ ನಮ್ಮದು ನಲವತ್ತು ದಾಟುತ್ತಿರಲಿಲ್ಲ. ಮೇಲಿನವರಿಂದ ನನಗೆ ಮಂಗಳಾರತಿ ಆಗುತ್ತಿತ್ತು. ಆದರೂ ಆ ವರ್ಷ ನಮ್ಮೂರಿನಲ್ಲಿ ಪರಿಹಾರ ತಪ್ಪಿತು ಎಂದು ಯಾರೂ ಕಚೇರಿಗೆ ಬಂದು ಕೂಗಾಡಲಿಲ್ಲ.

ಪಟ್ಟಿ ಬಂದ ಮೇಲೆ ಅದನ್ನು ಗುಡಿಕಟ್ಟೆಯ ಮೇಲೆ ನಿಂತು ಓದುವುದು ಕಾಕಾನ ಕೆಲಸ. ನೋಟಿಸು ಬೋರ್ಡಿಗೆ ಅಂಟಿಸಿದರೆ ಸಾಕು ಎಂದು ನಿಯಮ. ಅರ್ಧ ಊರಿಗೆ ಓದಲು ಬರುವುದಿಲ್ಲವಲ್ಲ ಎಂದು ಅವರ ವಾದ. ಆ ಸಣಕಲು ಎದೆಯಿಂದ ಅಂಥ ದನಿ ಹೇಗೆ ಹೊರಡುತ್ತಿತ್ತೋ, ಕೆರೆಯ ಏರಿಯ ತನಕ ಕೇಳುತ್ತಿತ್ತು. ಹೆಸರು ಕರೆದರೆ ಆ ರೈತ ಎದ್ದು ನಿಂತು "ಅದೀನ್ರಿ" ಅನ್ನಬೇಕು. ಉತ್ತರ ಬರದಿದ್ದರೆ ಮೂರು ಸಲ ಕರೆಯುವರು. ಮೂರು ಸಲಕ್ಕೂ ಇಲ್ಲವೆಂದರೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಸಂಜೆ ಮನೆಗೆ ಹೋಗಿ ಹೇಳಿ ಬರುವರು.

ಅವರ ಹೆಂಡತಿಯ ಹೆಸರಿನವಳೇ ಇನ್ನೊಬ್ಬಳು ಆ ಪಟ್ಟಿಯಲ್ಲಿದ್ದಳು. ಅಲ್ಲಿಗೆ ಬಂದಾಗ ಕಾಕಾ ತಡವರಿಸಿ, "ಕೆಳಗಿನ ಓಣಿ, ಹುಣಸಿಮರದ ಮನಿಯವ್ರು" ಎಂದು ಓದಿದರು. ಕಟ್ಟೆಯ ಸುತ್ತ ಕೂತ ಹೆಂಗಸರಿಗೆ ನಕ್ಕು ನಕ್ಕು ಸಾಕಾಯಿತು. ಯಾಕೋ ವಾಲೀಕಾರ, ಕಣ್ಣು ಕಾಣವಲ್ಲವೇನು, ಇರೋ ಹೆಸರು ಓದು ಎಂದು ಒಬ್ಬ ಮುದುಕಿ ಚುಚ್ಚಿದಳು. ಅವರು ಕಿವಿಯ ತನಕ ಕೆಂಪಾಗಿ ಮುಂದಿನ ಹೆಸರಿಗೆ ಹೋದರು.

ಮೂಲೆಯಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದವರಲ್ಲಿ ಅವರ ಹೆಂಡತಿಯೂ ಇದ್ದಳು. ದುಂಡು ಮುಖದ, ಮಾತು ಬಲ್ಲ ಹೆಂಗಸು. ನನಗೆ ವಾರಕ್ಕೊಮ್ಮೆ ಸಜ್ಜೆರೊಟ್ಟಿ, ಶೇಂಗಾ ಪುಡಿ ಕಟ್ಟಿ ಕಳಿಸುತ್ತಿದ್ದಳು. ಆಕೆಗೆ ಎರಡೂವರೆ ಎಕರೆ ಕೆಮ್ಮಣ್ಣಿನ ಮಸಾರಿ ಹೊಲ ತವರಿನಿಂದ ಬಂದಿತ್ತು. ತಾಯಿ ಸತ್ತು ಹದಿನೆಂಟು ವರ್ಷವಾದರೂ ಪಹಣಿಯಲ್ಲಿ ತಾಯಿಯ ಹೆಸರೇ ಇತ್ತು. ಸತ್ತವರ ಹೆಸರಿಗೆ ಪರಿಹಾರ ಬರುವುದಿಲ್ಲ. ಊರಿನವರ ಪೌತಿ ಖಾತೆಯನ್ನೆಲ್ಲ, ಅಂದರೆ ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ಬೆನ್ನು ಹತ್ತಿ ಮಾಡಿಸುತ್ತಿದ್ದ ಮನುಷ್ಯ ತನ್ನ ಹೆಂಡತಿಯದನ್ನು ಮುಟ್ಟಿರಲಿಲ್ಲ. ತನ್ನ ಕಾಗದ ತಾನೇ ಹೊತ್ತರೆ ಜನ ಏನಂದಾರು ಎಂಬ ಸಂಕೋಚ. ನಾನೇ ಜಗಳ ಮಾಡಿ ಅರ್ಜಿ ಹಾಕಿಸಿದೆ. ಎರಡನೇ ವರ್ಷದ ಮುಂಗಾರಿಗೆ ಪಹಣಿಯಲ್ಲಿ ಆಕೆಯ ಹೆಸರು ಬಂತು.

ಅದನ್ನು ಕೊಡಲು ಮನೆಗೆ ಹೋದ ದಿನ ಆಕೆ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿದಳು. ಕಾಕಾ ಹಿತ್ತಲಿನಲ್ಲಿದ್ದರು. ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಯವ್ವಾ, ಇನ್ನ ನನ್ನ ಹೆಸ್ರೂ ಪಟ್ಟಿಯಾಗ ಬರ್ತೈತೇನು?" ಬೆಳೆ ಹಾನಿಯಾದರೆ ಬರುತ್ತದೆ, ಹಾನಿಯಾಗುವುದು ಬೇಡ ಬಿಡಿ ಅಂದೆ. ಆಕೆಯ ಚಿಂತೆ ಬೇರೆಯೇ ಇತ್ತು. "ಬಂದ್ರ ಇವ್ರು ಓದಬೇಕಲ್ಲ? ಹುಣಸಿಮರದ ಮನಿ ಅನ್ನಾಕ ಬರಾಂಗಿಲ್ಲ. ಯಾರ ಹೇಣ್ತಿ ಅಂತಾರ?" ಎಂದು ಕುಲುಕುಲು ನಕ್ಕಳು. ನಗು ನಿಂತ ಮೇಲೆ ಕಾಗದ ಮಡಿಸುತ್ತ, "ಮದುವಿ ಆಗಿ ಮೂವತ್ತೆಂಟು ವರ್ಸ ಆತು. ನನ್ನ ಹೆಸ್ರು ಇವ್ರ ಬಾಯಾಗ ಹೆಂಗ ಕೇಳತೈತೋ, ಒಂದ್ಸಲ ಕೇಳಬೇಕು ಯವ್ವಾ" ಅಂದಳು.

ನಾನು ಇದನ್ನು ಕಾಕಾಗೆ ಹೇಳಿ ಕಾಡಿಸಿದೆ. ಅವರು ತಲೆ ತಗ್ಗಿಸಿ, ಸರ್ಕಾರದ ಪಟ್ಟಿ ಬಂದರೆ ಬಂದದ್ದು ಓದಲೇಬೇಕಲ್ಲ ಅಂದರು. ಅವರಿಗೂ ಅದು ಬೇಕಾಗಿತ್ತು. ಪದ್ಧತಿ ಮುರಿಯದೆ ಆ ಹೆಸರು ಕರೆಯಲು ಅವರಿಗೆ ಅದೊಂದೇ ದಾರಿ.

ಆ ವರ್ಷವೂ ಶೇಂಗಾ ಕೀಳುವ ಹೊತ್ತಿಗೇ ಮಳೆ ಹಿಡಿಯಿತು. ಮತ್ತೆ ಸಮೀಕ್ಷೆ. ಈ ಸಲ ಅವಧಿ ಕಡಿಮೆ, ಗಂಟೆಗೊಂದು ಫೋನು, ನಿಮ್ಮ ಊರೇ ಹಿಂದೆ ಎಂಬ ಬೈಗುಳ. ಕಾಕಾ ಮೊದಲೇ ಹೇಳಿಬಿಟ್ಟಿದ್ದರು, ಎಲ್ಲರದೂ ಮುಗಿಯಲಿ, ನಮ್ಮದು ಕಡೆಗೆ ಎಂದು. ಕೊನೆಯ ದಿನ ಸಂಜೆ ಆರಕ್ಕೆ ಆ್ಯಪು ಮುಚ್ಚುತ್ತದೆ. ಐದೂವರೆಗೆ ಅವರ ಹೊಲದ ಬದುವಿನ ಮೇಲೆ ಬಂದು ನಿಂತೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ತಲೆ ಕೆಟ್ಟು ಹೋಗಿತ್ತು, ಪಡುವಲಲ್ಲಿ ಮತ್ತೆ ಮೋಡ ಕಟ್ಟಿತ್ತು. ಕಾಕಾ ಮುಂಚೆಯೇ ಹೋಗಿ ಹೆಂಡತಿಯ ಜೊತೆ ಹೊಲದ ನಡುವೆ ಬರಿಗಾಲಲ್ಲಿ ನಿಂತಿದ್ದರು. ಬಳ್ಳಿ ಹಸಿರಾಗಿತ್ತು. ಫೋಟೋ ಹಿಡಿದು ಅಲ್ಲಿಂದಲೇ ಕೂಗಿದೆ, ಹೆಂಗೈತಿ ಕಾಕಾ?

"ಹುಲುಸಾಗೈತ್ರಿ" ಅಂದರು.

ಇಳಿಜಾರಿನ ಹೊಲ, ನೀರು ನಿಂತಿರಲಿಕ್ಕಿಲ್ಲ ಅಂದುಕೊಂಡೆ. ಹಾನಿ ಇಲ್ಲ ಎಂಬುದನ್ನು ಒತ್ತಿದೆ. ಬರುತ್ತೇನೆ ಎಂದು ಕೈ ಬೀಸಿ ಸ್ಕೂಟಿ ತಿರುಗಿಸಿದೆ. ತಿರುಗಿಸುವಾಗ ಚಕ್ರದ ಪಕ್ಕದಲ್ಲಿ ಎರಡು ಜೊತೆ ಚಪ್ಪಲಿಗಳನ್ನು ಕಂಡೆ. ಕಂಡೆ ಎಂದು ಈಗಲೂ ಒಪ್ಪಿಕೊಳ್ಳುತ್ತೇನೆ. ಅವುಗಳ ಮೇಲೆ ಹೋಗದ ಹಾಗೆ ಜೋಪಾನವಾಗಿ ಸುತ್ತು ಹಾಕಿ ಹೋದೆ. ಎರಡು ವರ್ಷ ನನಗೆ ಆ ಚಪ್ಪಲಿಯ ಪಾಠ ಹೇಳಿದ ಮನುಷ್ಯನನ್ನು ಹೊರಗೆ ಕರೆಯಬೇಕೆಂದು ಮಾತ್ರ ಆ ಹಾಳು ತಲೆಗೆ ಹೊಳೆಯಲಿಲ್ಲ.

ಪಟ್ಟಿ ಬಂದದ್ದು ಒಂದೂವರೆ ತಿಂಗಳಿಗೆ. ನೇರ ಕಾಕಾನ ಕೈಗೆ ಹೋಯಿತು, ಅವರು ಎಂದಿನಂತೆ ಮೊದಲೇ ಬಿಚ್ಚಿ ನೋಡದೆ ಕಟ್ಟೆ ಹತ್ತಿದರು. ನಾನು ಹೋದಾಗ ಅವರ ಹೆಂಡತಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಸಿರು ಇಳಕಲ್ಲು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ಯಾಕೆ ಬಂದಿದ್ದಾಳೆ ಎಂದು ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಚಕ್ರದ ಪಕ್ಕದ ಆ ಎರಡು ಜೊತೆ ಚಪ್ಪಲಿ ನೆನಪಾದವು; ಕರೆಯದಿದ್ದರೂ ನಾನು ತಿಳಿದು ಬರೆದಿರುತ್ತೇನೆಂದು ಆಕೆ ನಂಬಿದ್ದಳು.

ಕಾಕಾ ಓದಿದರು. ಒಂದೊಂದು ಹೆಸರಿಗೂ ಒಬ್ಬೊಬ್ಬರು ಎದ್ದು ಅದೀನ್ರಿ ಅಂದರು. ಹುಣಸೆಮರದ ಮನೆಯವಳೂ ಎದ್ದಳು. ಕೊನೆಯ ಹಾಳೆ ಮುಗಿಯಿತು. ಅವರು ಅದನ್ನು ತಿರುವಿ ಹಿಂದೆ ನೋಡಿದರು. ಹಿಂದೆ ಖಾಲಿ ಇತ್ತು. ಮತ್ತೊಮ್ಮೆ ಮೊದಲ ಹಾಳೆಯಿಂದ ಬೆರಳಿಟ್ಟು ಕೆಳಗಿಳಿಸುತ್ತ ಬಂದರು. ಆಮೇಲೆ ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

"ಮುಗೀತೇನ್ರಿ?" ಅಂತ ಹೆಂಡತಿ ಕೇಳಿದಳು.

"ಮುಗೀತು" ಅಂದರು.

ಆಕೆ ಎದ್ದು ಸೀರೆಯ ಧೂಳು ಕೊಡವಿಕೊಂಡು ಮನೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಪಡಸಾಲೆಯ ಮೂಲೆಯಲ್ಲಿ ಒಂದು ಮೊರದ ತುಂಬ ಕಪ್ಪಾದ, ಮೊಳಕೆ ಒಣಗಿ ಮುರುಟಿದ ಕಾಯಿ. ಎರಡೂವರೆ ಎಕರೆಗೆ ಸಿಕ್ಕಿದ್ದು ಅಷ್ಟು. ಹೊಲವನ್ನಾಗಲೇ ಹರಗಿ ಜೋಳ ಬಿತ್ತಿಯಾಗಿತ್ತು, ಬಳ್ಳಿ ಕುರಿಗಳ ಹೊಟ್ಟೆ ಸೇರಿತ್ತು. ತೋರಿಸಲು ಇನ್ನೇನೂ ಉಳಿದಿರಲಿಲ್ಲ. ನಾನು ಆಕ್ಷೇಪಣೆ ಬರೆದೆ, ಮೇಲಿನವರ ಮುಂದೆ ಕೈಮುಗಿದು ನಿಂತೆ. ಹಸಿರು ಹೊಲದ ಫೋಟೋ ನೀನೇ ಹಾಕಿದ್ದೀಯಲ್ಲಮ್ಮ ಎಂದು ಕೇಳಿದರು.

ಹೊರಗೆ ಕಾಯುತ್ತಿದ್ದವರ ಹತ್ತಿರ ಬಂದು, ಯಾಕೆ ಹೇಳಲಿಲ್ಲ ಕಾಕಾ ಎಂದು ಅಳುತ್ತ ಜಗಳ ತೆಗೆದೆ. ತಪ್ಪು ನನ್ನದೇ ಆದರೂ ಜಗಳ ತೆಗೆಯುವವಳು ನಾನು. ತಾನಾಗಿ ಬಂದು ಹೇಳಿದ್ದರೆ ವಾಲೀಕಾರ ತನ್ನದು ತಾನೇ ಬರೆಸಿಕೊಂಡ ಅಂತ ಜನ ಅನ್ನುತ್ತಿದ್ದರು ಎಂದರು ಕಾಕಾ. ಆಮೇಲೆ ನನ್ನ ಮುಖ ನೋಡದೆ, "ನೀವು ಕರೀತೀರಿ ಅಂತ ನಿಂತಿದ್ದೆ ಮೇಡಮ್ಮಾರೆ" ಅಂದರು.

ಅವರು ನನಗೆ ಒಂದು ಕೆಟ್ಟ ಮಾತು ಆಡಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಹೆಂಡತಿಯೂ ಅಷ್ಟೆ. ನನ್ನ ತಲೆ ಸವರಿ, ಮುಂದಿನ ವರ್ಷ ಮಳೆ ಬರುವುದಿಲ್ಲವೇನು, ಆಗ ಕರೆಯುತ್ತಾರೆ ಬಿಡು ಎಂದು ಸಮಾಧಾನ ಹೇಳಿದಳು. ಬೆಳೆ ಹೋಗಲಿ ಎಂದು ಹಾರೈಸಿದ ಹಾಗಾಯಿತಲ್ಲ ಎಂದು ತಾನೇ ನಾಲಗೆ ಕಚ್ಚಿಕೊಂಡಳು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಆಕೆ ರೊಟ್ಟಿ ತಟ್ಟುತ್ತ ಕೂತಲ್ಲೇ ಕುಸಿದಳು. ಕಾನಹೊಸಹಳ್ಳಿಯ ಆಸ್ಪತ್ರೆ ಮುಟ್ಟಲಿಲ್ಲ. ಆಗ ಕೂಡ ಕಾಕಾ "ಏ, ಕೇಳಿಲ್ಲಿ, ಏ" ಎಂದು ಕೂಗಿದರಂತೆ, ಹೆಸರು ಹಿಡಿದು ಕೂಗಲಿಲ್ಲವಂತೆ.

ಜೂನಿನಲ್ಲಿ ನನಗೆ ಹಡಗಲಿಗೆ ವರ್ಗವಾಯಿತು. ಆ ವರ್ಷವೂ ಮಳೆ ಕೆಟ್ಟಿತು, ಹೊಸ ಲೆಕ್ಕಿಗ ಸಮೀಕ್ಷೆ ಮಾಡಿದ. ಒಂದು ದಿನ ಕಾಕಾ ಫೋನು ಮಾಡಿದರು. ತಾವಾಗಿ ಫೋನು ಮಾಡಿದ್ದು ಅದೊಂದೇ ಸಲ. ನಾಳೆ ಪಟ್ಟಿ ಓದುತ್ತೇನೆ, ಬರಲಿಕ್ಕಾಗುತ್ತದೇನು ಅಂದರು. ಹೋದೆ.

ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಹತ್ತಿದರು. ಹೇಗಿದ್ದೀ ವಾಲೀಕಾರ ಅಂದವರಿಗೆಲ್ಲ ಹುಲುಸಾಗದೀನಿ ಅಂದರು. ಓದುತ್ತ ಓದುತ್ತ ಒಂದು ಕಡೆ ನಿಂತರು. ಕಿವಿಯ ಮೇಲಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡರು. ಆಮೇಲೆ ಆಕೆಯ ಹೆಸರು ಕರೆದರು.

ಊರಿನ ಎಲ್ಲರ ಪೌತಿ ಖಾತೆ ಮಾಡಿಸಿದ ಮನುಷ್ಯ ಹೆಂಡತಿ ಸತ್ತು ಹನ್ನೊಂದು ತಿಂಗಳಾದರೂ ಆ ಹೊಲದ ಕಾಗದ ಮುಟ್ಟಿರಲಿಲ್ಲ; ಪಹಣಿ ನೋಡಿ ಹೆಸರು ಏರಿಸಿದ ಹೊಸ ಲೆಕ್ಕಿಗನಿಗೆ ಆಕೆ ಇಲ್ಲವೆಂದು ಗೊತ್ತಿರಲಿಲ್ಲ. ಯಾಕೆಂದು ನನಗೆ ಆಗ ತಿಳಿಯಿತು. ಅಲ್ಲಿದ್ದವರಿಗೆಲ್ಲ ತಿಳಿಯಿತು. ಚುಚ್ಚುವ ಮುದುಕಿ ಕೂಡ ಸೆರಗು ಕಚ್ಚಿ ಕೂತಿದ್ದಳು. ಉತ್ತರಕ್ಕೆ ಕಾಯುವಷ್ಟು ಹೊತ್ತು ಕಾದು ಕಾಕಾ ಎರಡನೇ ಸಲ ಕರೆದರು, ಕೆರೆಯ ಏರಿಗೆ ಕೇಳುವ ಹಾಗೆ. ಮತ್ತೆ ಕಾದರು. ಮೂರನೇ ಸಲ ದನಿ ಸಣ್ಣದಾಯಿತು, ಮನೆಯೊಳಗಿಂದ ಅಂಗಳದಲ್ಲಿದ್ದವಳನ್ನು ಕರೆದ ಹಾಗೆ. ಆಮೇಲೆ ಪೆನ್ಸಿಲ್ ತೆಗೆದು ಆ ಹೆಸರನ್ನು ತಾವೇ ಹೊಡೆದರು, ಪಕ್ಕದಲ್ಲಿ ಮರಣ ಎಂದು ಬರೆದರು. ಆ ದುಡ್ಡು ಅವರಿಗೆ ಬೇಕಿರಲಿಲ್ಲ. ಮುಂದಿನ ಹೆಸರು ಓದಿದರು. ಪಟ್ಟಿ ಮುಗಿಸಿದರು.

ಜನ ಕರಗಿದ ಮೇಲೆ ನಾನು ಕಟ್ಟೆಯ ಹತ್ತಿರ ಹೋದೆ. ಕೈ ಹಿಡಿದು ಇಳಿಸಿಕೊಂಡೆ. ಅವರ ಚಪ್ಪಲಿ ತಂದು ಕಾಲ ಮುಂದೆ ಇಟ್ಟೆ. ಅವರು ನನ್ನನ್ನೇ ನೋಡಿದರು. ಒಂದೊಂದಾಗಿ ಮೆಟ್ಟಿಕೊಂಡರು. ಬಂಡಿದಾರಿಯ ತನಕ ನಡೆಸಿಕೊಂಡು ಹೋಗಿ ಅಲ್ಲಿ ಕೇಳಿದೆ.

"ಈಗ ಹೇಳ್ರಿ ಕಾಕಾ, ಹೆಂಗೈತಿ?"

ಅವರ ಕೈ ಟವೆಲಿಗೆ ಹೋಯಿತು.

"ಒಂದೂ ಉಳಿದಿಲ್ಲ ಯವ್ವಾ" ಅಂದರು.